ಹಳೆಯ ಎಸ್‌ಯುವಿಗೆ ಕಡಿಮೆ ಖರ್ಚಿನ ಟೋ ಹಿಚ್: ಎಂಟು ತಿಂಗಳ ಬಳಕೆಯ ನಂತರ

ಹದಿನೈದು ವರ್ಷ ಓಡಿಸಿದ ನನ್ನ ಎಸ್‌ಯುವಿಗೆ ವಾಹನ ಕಂಪನಿಯದೇ ಟೋ ಹಿಚ್ (ಟ್ರೈಲರ್ ಎಳೆಯಲು ವಾಹನದ ಹಿಂಬದಿಗೆ ಕೂರಿಸುವ ಉಕ್ಕಿನ ಕೊಂಡಿ) ಹಾಕಿಸುವುದು ನನ್ನ ಕೈಗೆ ಎಟುಕುವಂತಿರಲಿಲ್ಲ. ಆದ್ದರಿಂದ ಅದೇ ಮಾದರಿಯ ಅಳತೆಗೆ ಬೇರೊಬ್ಬ ತಯಾರಕರು ಮಾಡಿದ, ಚಾಸಿಯಲ್ಲಿ (ವಾಹನದ ತಳದ ಉಕ್ಕಿನ ಚೌಕಟ್ಟಿನಲ್ಲಿ) ಮೊದಲೇ ಇರುವ ರಂಧ್ರಗಳಿಗೆ ಬೋಲ್ಟ್ ಹಾಕಿ ಕೂರಿಸುವ, ಎರಡು ಇಂಚಿನ ರಿಸೀವರ್ (ಟ್ರೈಲರ್ ಜೋಡಿಸುವ ಭಾಗವನ್ನು ತೂರಿಸುವ ಚೌಕ ಕೊಳವೆ) ಇರುವ ಹಿಚ್ ತರಿಸಿಕೊಂಡೆ. ಅದಕ್ಕೂ ಮೊದಲು ಸೆಕೆಂಡ್ ಹ್ಯಾಂಡ್ ಹಿಚ್ ಒಂದನ್ನು ನೋಡಿದ್ದೆ. ಹೊಸದಾಗಿ ಬಳಿದಿದ್ದ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದಾಗ ವೆಲ್ಡಿಂಗ್‌ನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬೋಲ್ಟಿನ ರಂಧ್ರಗಳೂ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಅಂಥದ್ದನ್ನು ಪುಕ್ಕಟೆಯಾಗಿ ಕೊಟ್ಟರೂ ತೆಗೆದುಕೊಳ್ಳಬಾರದು.

ಹೊಸ ಹಿಚ್‌ನ ಉಕ್ಕು ಮತ್ತು ಬೆಸುಗೆ ಎರಡೂ ಚೆನ್ನಾಗಿವೆ, ರಂಧ್ರಗಳು ಚಾಸಿಗೆ ಸರಿಯಾಗಿ ಹೊಂದಿಕೊಂಡವು. ಶ್ರಮವೆಲ್ಲ ಬಿದ್ದದ್ದು ವಾಹನದ ವಯಸ್ಸಿನಿಂದ. ಸ್ಟೆಪ್ನಿ ಇಳಿಸಿ, ಸೈಲೆನ್ಸರನ್ನು ಹಿಡಿದಿದ್ದ ರಬ್ಬರ್‌ಗಳನ್ನು ಸಾಬೂನು ನೀರು ಹಚ್ಚಿ ಜಾರಿಸಿ ಕೆಳಗೆ ನೋಡಿದರೆ, ಚಾಸಿಗೆ ಬೆಸೆದಿದ್ದ ನಟ್‌ಗಳ ತುಂಬ ಮಣ್ಣು ಮತ್ತು ತುಕ್ಕು ಗಟ್ಟಿಯಾಗಿ ಕೂತಿದ್ದವು. ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇರಿಸಿ, ಮರುದಿನ ಟ್ಯಾಪ್ (ತಿರುಪಿನ ಗೆರೆ ಕೊರೆಯುವ ಉಪಕರಣ) ಹಾಕಿ ನಟ್‌ನೊಳಗಿನ ತಿರುಪಿನ ಗೆರೆಗಳನ್ನು ಶುಚಿಗೊಳಿಸಿದ ಮೇಲಷ್ಟೇ ಬೋಲ್ಟ್‌ಗಳು ಕೈಯಿಂದಲೇ ಸಲೀಸಾಗಿ ತಿರುಗಿದವು. ನಟ್ ಇಲ್ಲದ ಕಡೆ, ತುದಿಯಲ್ಲಿ ಸುರುಳಿಯಿರುವ ತಂತಿಗೆ ಬೋಲ್ಟನ್ನು ಸಿಕ್ಕಿಸಿ ಚಾಸಿಯ ಒಳಗಿನಿಂದ ಎಳೆದು ತರಬೇಕು. ಈ ತಂತಿಯನ್ನು ಕಿಟ್‌ನಲ್ಲೇ ಕೊಟ್ಟಿರುವುದು ಮೆಚ್ಚತಕ್ಕ ಸಂಗತಿ, ಆದರೆ ಅದನ್ನು ಬಳಸುವ ಬಗೆಯನ್ನು ಸೂಚನಾ ಪತ್ರದಲ್ಲಿ ಒಂದೇ ಮಸುಕು ಚಿತ್ರದಲ್ಲಿ ಮುಗಿಸಿದ್ದಾರೆ. ಹಿಚ್ ಭಾರವಾದದ್ದು, ಎತ್ತಿ ಹಿಡಿಯಲು ಇನ್ನೊಬ್ಬರು ಅಥವಾ ಒಂದು ಜ್ಯಾಕ್ ಬೇಕೇ ಬೇಕು. ಟಾರ್ಕ್ ರೆಂಚನ್ನು (ಬಿಗಿತವನ್ನು ಅಳೆದು ತಿರುಗಿಸುವ ಸ್ಪ್ಯಾನರ್) ಎರವಲು ತಂದಾದರೂ ಸೂಚಿಸಿದ ಬಿಗಿತಕ್ಕೆ ತಿರುಗಿಸಿ, ಮೊದಲ ಬಾರಿ ಟ್ರೈಲರ್ ಎಳೆದು ಬಂದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ನನಗೆ ನಿಜವಾದ ಅಸಮಾಧಾನವಿರುವುದು ಜೊತೆಗೆ ಬಂದ ವೈರಿಂಗ್ ಬಗ್ಗೆ. ನನ್ನ ವಾಹನದಲ್ಲಿ ಬ್ರೇಕ್ ದೀಪ ಮತ್ತು ಇಂಡಿಕೇಟರ್ ಬೇರೆ ಬೇರೆ, ಟ್ರೈಲರ್‌ನಲ್ಲಿ ಎರಡಕ್ಕೂ ಒಂದೇ ಬಲ್ಬ್. ಹೀಗಾಗಿ ಎರಡೂ ಸಂಕೇತಗಳನ್ನು ಒಂದೇ ತಂತಿಗೆ ಸೇರಿಸುವ ಕನ್ವರ್ಟರ್ ನಡುವೆ ಅಗತ್ಯ. ಕನ್ವರ್ಟರ್ ಒಳ್ಳೆಯದೇ, ಫ್ಯೂಸ್ ಮೂಲಕ ನೇರವಾಗಿ ಬ್ಯಾಟರಿಯಿಂದ ವಿದ್ಯುತ್ ಪಡೆಯುವುದರಿಂದ ಹಳೆಯ ತಂತಿಗಳ ಮೇಲೆ ಹೊರೆ ಬೀಳುವುದಿಲ್ಲ. ಆದರೆ ತಂತಿಯ ಹೊದಿಕೆಯನ್ನು ಚುಚ್ಚಿ ಕೂರುವ ಅಗ್ಗದ ಕ್ಲಿಪ್‌ಗಳನ್ನು ಕೊಟ್ಟಿದ್ದಾರೆ. ಅವುಗಳೊಳಗೆ ನೀರು ಸೇರಿ ತಾಮ್ರ ಹಸಿರುಗಟ್ಟುತ್ತದೆ. ನಾನು ಅವುಗಳನ್ನು ಬದಿಗಿಟ್ಟು ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದೆ. ಇಷ್ಟಾದರೂ ಬ್ರೇಕ್ ಒತ್ತಿದಾಗಲೆಲ್ಲ ಟ್ರೈಲರ್‌ನ ಎಲ್ಲ ದೀಪಗಳೂ ಮಂಕಾಗುತ್ತಿದ್ದವು. ಅರ್ಥ್ ತಂತಿಯನ್ನು ಬಣ್ಣದ ಮೇಲೆಯೇ ಬಿಗಿದಿದ್ದೆ. ಬರಿಯ ಲೋಹ ಕಾಣುವವರೆಗೆ ಕೆರೆದು ಮತ್ತೆ ಕೂರಿಸಿದಾಗ ಸರಿಹೋಯಿತು.

ಹಿಚ್‌ನ ಮೇಲೆ 5,000 ಪೌಂಡ್, ಅಂದರೆ ಸುಮಾರು 2,268 ಕಿಲೋ ಎಂದು ಅಚ್ಚಾಗಿದೆ. ನನ್ನ ವಾಹನದ ಕೈಪಿಡಿ ಅನುಮತಿಸುವುದು 3,500 ಪೌಂಡ್ ಮಾತ್ರ. ಹಿಚ್, ಬಾಲ್ (ಟ್ರೈಲರ್‌ನ ಮೂತಿ ಕೂರುವ ಉಕ್ಕಿನ ಗುಂಡು), ಬಾಲ್ ಮೌಂಟ್ (ಆ ಗುಂಡನ್ನು ಹೊತ್ತು ರಿಸೀವರ್‌ಗೆ ಸೇರುವ ತುಂಡು), ವಾಹನ ಇವುಗಳಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ನಮ್ಮ ಮಿತಿ. ಟ್ರೈಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾಗ ಬಾಲ್‌ನ ಮೇಲೆ ಕೂರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಅತ್ತಿತ್ತ ತೂಗಾಡಿ ವಾಹನವನ್ನೇ ಅಲುಗಾಡಿಸುತ್ತದೆ, ಹೆಚ್ಚಾದರೆ ದಣಿದ ಹಿಂಬದಿ ಸ್ಪ್ರಿಂಗ್‌ಗಳು ಕುಸಿದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸಾವಿರ ಕಿಲೋದೊಳಗಿನ ನನ್ನ ಟ್ರೈಲರ್‌ಗೆ ಈ ಹಿಚ್ ಒಮ್ಮೆಯೂ ಕೈಕೊಟ್ಟಿಲ್ಲ, ಸದ್ದನ್ನೂ ಮಾಡಿಲ್ಲ.

ರಿಸೀವರ್‌ನ ಬಾಯಿಯ ಬಳಿ ಮಾತ್ರ ಬಣ್ಣ ಚಕ್ಕೆಯೆದ್ದು ತುಕ್ಕು ಕಾಣಿಸಿಕೊಂಡಿದೆ. ಹಿಚ್ ಕೊಳ್ಳುವ ಮುನ್ನ ನಿಮ್ಮ ವಾಹನದ ಕೆಳಗೆ ಮಲಗಿ ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಟಣ್ಣೆಂದರೆ ಧೈರ್ಯವಾಗಿ ಮುಂದುವರಿಯಬಹುದು. ಸದ್ದು ಮಂದವಾಗಿ ಬಂದು ತುಕ್ಕಿನ ಪದರಗಳು ಉದುರಿದರೆ ಆ ವಾಹನಕ್ಕೆ ಈ ಹಿಚ್ ಆಗಲಿ, ಇದಕ್ಕಿಂತ ದುಬಾರಿಯಾದದ್ದಾಗಲಿ ಬೇಡ.