‘ಸೆಟ್’ ಮತ್ತು ‘ರನ್’: ಎರಡೇ ಪದಗಳಲ್ಲಿ ನಿಘಂಟಿನ ಪರೀಕ್ಷೆ

ಇಂಗ್ಲಿಷ್ ನಿಘಂಟು ಕೊಳ್ಳುವಾಗ ರಕ್ಷಾಪುಟದ ಮೇಲಿನ ಪದಸಂಖ್ಯೆ ನೋಡಿ ಪ್ರಯೋಜನವಿಲ್ಲ. ಮೊದಲು ‘ಸೆಟ್’ ತೆಗೆಯಿರಿ, ಆಮೇಲೆ ‘ರನ್’ ತೆಗೆಯಿರಿ. ದಿನಬೆಳಗಾದರೆ ಬಾಯಿಗೆ ಬರುವ ಈ ಎರಡು ಪದಗಳನ್ನು ಹೇಗೆ ನಿಭಾಯಿಸಿದ್ದಾರೆ ಎಂಬುದರಲ್ಲೇ ನಿಘಂಟಿನ ಹೂರಣ ತಿಳಿಯುತ್ತದೆ. ಇಲ್ಲಿ ಒರೆಗೆ ಹಚ್ಚಿರುವುದು ಮೂರನ್ನು: ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ, ಅದೇ ಪ್ರಕಾಶನದ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ, ಮತ್ತು ಕನ್ನಡದ ಕಡೆಯಿಂದ ‘ಅಲರ್’ ಜಾಲನಿಘಂಟು. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವರ ಕಣ್ಣಿಂದ ಇವನ್ನು ನೋಡಲಾಗಿದೆ.

ದೊಡ್ಡ ಆಕ್ಸ್‌ಫರ್ಡಿನ ಎರಡನೇ ಆವೃತ್ತಿ ಬಂದದ್ದು 1989ರಲ್ಲಿ, 20 ಸಂಪುಟಗಳಲ್ಲಿ. ‘ರನ್’ 14ನೇ ಸಂಪುಟದಲ್ಲಿದೆ, ‘ಸೆಟ್’ 15ನೆಯದರಲ್ಲಿ. ‘ಸೆಟ್’ ಕ್ರಿಯಾಪದ ಒಂದಕ್ಕೇ ಅಲ್ಲಿ ಸುಮಾರು 430 ಅರ್ಥಗಳಿವೆ. ಆ ನಮೂದಿನ ಉದ್ದ ಸುಮಾರು 60,000 ಪದ, ಒಂದು ಕಾದಂಬರಿಯಷ್ಟು! 2000ದಿಂದ ಕಂತುಕಂತಾಗಿ ಪ್ರಕಟವಾಗತೊಡಗಿದ ಪರಿಷ್ಕರಣೆ ‘ರನ್’ ತಲುಪಿದಾಗ ಸಂಪಾದಕ ಪೀಟರ್ ಗಿಲಿವರ್ ಅದೊಂದಕ್ಕೇ ಒಂಬತ್ತು ತಿಂಗಳು ಕೂತರು. ಕ್ರಿಯಾಪದದ ಅರ್ಥಗಳು 645 ಆದವು. ಅಂದಿನಿಂದ, ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದೆಂಬ ಪೈಪೋಟಿಯಲ್ಲಿ ‘ರನ್ ಗೆದ್ದಿತು’ ಎಂದು ಎಲ್ಲೆಡೆ ಬರೆಯುತ್ತಾರೆ. ಈ ಹೋಲಿಕೆ ನ್ಯಾಯವಾದದ್ದಲ್ಲ. 1989ರ ಆವೃತ್ತಿಯ ಬಹುಪಾಲು 1928ಕ್ಕೆ ಮುಗಿದ ಮೊದಲ ಆವೃತ್ತಿಯ ಪಠ್ಯವೇ. ಹಳೆಯ ಅಳತೆಗೋಲಿನ 430ನ್ನು ಹೊಸ ಅಳತೆಗೋಲಿನ 645ರ ಪಕ್ಕ ಇಟ್ಟರೆ ಪದಗಳ ಹಿರಿಮೆ ತಿಳಿಯುವುದಿಲ್ಲ.

ಈ ನಿಘಂಟು ಬೆಲೆಬಾಳುವುದು ಬೇರೆ ಕಾರಣಕ್ಕೆ. ಅಲ್ಲಿ ಅರ್ಥಗಳು ಹುಟ್ಟಿದ ಕ್ರಮದಲ್ಲಿ ಸಾಗುತ್ತವೆ, ಬಳಕೆಯ ಕ್ರಮದಲ್ಲಲ್ಲ. ‘ಸೆಟ್’ನ ಮೊದಲ ಅರ್ಥ ‘ಕೂರುವಂತೆ ಮಾಡು’. ಅದು ‘ಸಿಟ್’ ಧಾತುವಿನ ಪ್ರೇರಣಾರ್ಥಕ ರೂಪ. ಅಂದರೆ ನಮ್ಮ ‘ಕೂರಿಸು’! ಇದೊಂದು ತಿಳಿದರೆ ಎಷ್ಟೋ ಬಾಗಿಲು ತೆರೆಯುತ್ತವೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಮುರಿದ ಮೂಳೆಯನ್ನು ಸರಿಯಾಗಿ ಕೂರಿಸುತ್ತಾರೆ. ಇಂಗ್ಲಿಷಿನಲ್ಲಿ ಎರಡೂ ‘ಸೆಟ್’. ಆದರೆ ಸೂರ್ಯ ಮುಳುಗುತ್ತಾನೆ, ಮೊಸರು ಹೆಪ್ಪಾಗುತ್ತದೆ, ‘ಸೆಟ್ ಇನ್’ ಆದ ಮಳೆ ಹಿಡಿದುಕೊಳ್ಳುತ್ತದೆ. ಅಲ್ಲಿ ‘ಕೂರಿಸು’ ನಡೆಯುವುದಿಲ್ಲ.

‘ರನ್’ ಕಥೆಯೇ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಓಡು’ ಎಂಬುದಕ್ಕೊಂದು ಕ್ರಿಯಾಪದ, ‘ಓಡಿಸು’ ಎಂಬುದಕ್ಕೊಂದು ಕ್ರಿಯಾಪದ ಇದ್ದವು. ಕಾಲಾಂತರದಲ್ಲಿ ಎರಡೂ ಕರಗಿ ಒಂದಾದವು. ಆದ್ದರಿಂದಲೇ ‘ರನ್’ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ: ಇಲ್ಲಿ ‘ಇಸು’ ಬೇಕೋ ಬೇಡವೋ? ನೀರು ಹರಿಯಿತೋ, ನೀರು ಹರಿಸಿದರೋ? ಅಂಗಡಿ ನಡೆಯಿತೋ, ನಡೆಸಿದರೋ? ಕರ್ಮಪದ ಇದ್ದರೆ ‘ಇಸು’ ಸಾಲಿಗೆ ಹೋಗಿ. 645ರಲ್ಲಿ ದೊಡ್ಡ ಪಾಲು ಅಲ್ಲೇ ಉದುರಿಹೋಗುತ್ತದೆ.

ಕರ್ಮಪದ ಇಲ್ಲದಿದ್ದರೆ ಕರ್ತೃಪದ ನೋಡಿ. ಬಟ್ಟೆಯ ಬಣ್ಣವಾದರೆ ‘ಬಿಡು’, ಮೂಗಾದರೆ ‘ಸೋರು’, ರಸ್ತೆಯಾದರೆ ‘ಹಾದುಹೋಗು’. ಬಸ್ಸು, ಸಿನಿಮಾ ಎರಡಕ್ಕೂ ನಮ್ಮದೇ ‘ಓಡು’ ಸಾಕು: ನೂರು ದಿನ ಓಡಿದ ಚಿತ್ರ ಎನ್ನುವುದು ಅಪ್ಪಟ ಕನ್ನಡ. ಚುನಾವಣೆಯಲ್ಲಿ ಮಾತ್ರ ಎಡವುವವರು ಹೆಚ್ಚು. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಮಾಡುತ್ತಾನೆ, ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾನೆ, ನಮ್ಮಲ್ಲೂ ಚುನಾವಣೆಗೆ ನಿಲ್ಲುತ್ತಾನೆ. ‘ಅಧ್ಯಕ್ಷ ಸ್ಥಾನಕ್ಕೆ ಓಟ’ ಎಂಬ ತಲೆಬರಹಗಳು ಬರುವುದು ಈ ವ್ಯತ್ಯಾಸ ಗಮನಿಸದೆ.

ಇಷ್ಟು ಕೆಲಸಕ್ಕೆ ದಿನವೂ ಕೈಗೆ ಬರಬೇಕಾದದ್ದು ಲರ್ನರ್ಸ್ ಡಿಕ್ಷನರಿ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಕಲಿಸುತ್ತ ರೂಪಿಸಿ, 1942ರಲ್ಲಿ ಅಲ್ಲೇ ಮೊದಲು ಅಚ್ಚಾದ ಪುಸ್ತಕದಿಂದ ಬೆಳೆದದ್ದು. ಪರಭಾಷಿಕರ ಕಷ್ಟ ಗೊತ್ತಿದ್ದವರ ಕೈಕೆಲಸ ಎನ್ನುವುದು ಪುಟಪುಟದಲ್ಲೂ ಕಾಣುತ್ತದೆ. ಉದ್ದದ ನಮೂದುಗಳಲ್ಲಿ ಪ್ರತಿ ಅರ್ಥಕ್ಕೂ ಒಂದು ಕಿರುಶೀರ್ಷಿಕೆ ಇದೆ: ‘ರನ್’ ಅಡಿಯಲ್ಲಿ ದ್ರವ, ಬಣ್ಣ, ಬಸ್ಸು-ರೈಲು, ಚುನಾವಣೆ, ‘ಸೆಟ್’ ಅಡಿಯಲ್ಲಿ ಮೂಳೆ, ಆಭರಣ, ಸೂರ್ಯ-ಚಂದ್ರ. ಮೊದಲು ಈ ಶೀರ್ಷಿಕೆಗಳ ಮೇಲಷ್ಟೇ ಕಣ್ಣಾಡಿಸಿ. ಆಮೇಲೆ ಸಕರ್ಮಕವೋ ಅಕರ್ಮಕವೋ ಎಂಬ ಗುರುತು ನೋಡಿ, ಕೊನೆಗೆ ಉದಾಹರಣೆ ವಾಕ್ಯ ಓದಿ. ಪದದ ನಂತರ ‘ಆಫ್’, ‘ಅಪ್’, ‘ಇನ್‌ಟು’ ಅಂಟಿಕೊಂಡಿದ್ದರೆ ಮೇಲಿನದನ್ನೆಲ್ಲ ಬಿಟ್ಟು ನಮೂದಿನ ಕೊನೆಗೆ ಹೋಗಬೇಕು. ಅವುಗಳ ಪಟ್ಟಿ ಅಲ್ಲಿ ಪ್ರತ್ಯೇಕವಾಗಿದೆ. ಮೇಲಿಂದ ಓದುತ್ತ ಬಂದು ಅರ್ಧಕ್ಕೆ ಕೈಬಿಡುವವರಿಗೆ ‘ಮುನ್ನೂರು ಪುಟಕ್ಕೆ ರನ್ ಇನ್‌ಟು ಆಯಿತು’ (ಮುನ್ನೂರು ಪುಟ ಮುಟ್ಟಿತು) ಎಂಬಂಥದ್ದು ಸಿಗುವುದೇ ಇಲ್ಲ.

ಇದರಲ್ಲೂ ಒಂದು ಕೊರತೆ ಇದೆ. ಸಿಮೆಂಟಿಗೆ ಸಂಬಂಧಿಸಿದ ‘ಸೆಟ್’ಗೆ ಬಿಗಿಯಾಗುವುದು, ಗಟ್ಟಿಯಾಗುವುದು ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತದೆ. ತಾಂತ್ರಿಕ ಬರಹದಲ್ಲಿ ಅವೆರಡೂ ಬೇರೆ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಮೊದಲ ಸೆಟ್ಟಿಂಗ್ 30 ನಿಮಿಷಕ್ಕಿಂತ ಬೇಗ ಆಗಬಾರದು, ಕೊನೆಯ ಸೆಟ್ಟಿಂಗ್ 600 ನಿಮಿಷ ದಾಟಬಾರದು. ಬಲ ಕೂಡುವುದು ಅದರ ನಂತರವೂ ನಡೆದಿರುತ್ತದೆ. ಅದನ್ನು ಪರೀಕ್ಷಿಸುವುದು 28 ದಿನಕ್ಕೆ. ಇಲ್ಲಿ ‘ಗಟ್ಟಿಯಾಗುವ ಅವಧಿ’ ಎಂದು ಅನುವಾದಿಸಿದರೆ ಹತ್ತು ಗಂಟೆಗೆಲ್ಲ ಕಾಂಕ್ರೀಟು ಭಾರ ಹೊರಬಲ್ಲದು ಎಂದು ಓದುವವರು ತಿಳಿದಾರು. ಮೇಸ್ತ್ರಿಗಳು ಹೇಳುವಂತೆ ‘ಸೆಟ್ ಆಗುವ ಅವಧಿ’ ಎಂದೇ ಬಿಡುವುದು ಲೇಸು.

ನಾಮಪದ ‘ಸೆಟ್’ ಇನ್ನೊಂದು ನಮೂದು, ಅದನ್ನು ಕ್ರಿಯಾಪದದ ಜೊತೆ ಬೆರೆಸಬೇಡಿ. ಗುಂಪು ಎಂಬ ಅರ್ಥದ್ದು ಹಳೆಯ ಫ್ರೆಂಚಿನಿಂದ ಬಂದದ್ದು. ಗಣಿತದಲ್ಲಿ ಅದು ‘ಗಣ’. ಹೋಟೆಲಿನ ಸೆಟ್ ದೋಸೆಯಲ್ಲಿರುವುದೂ ಇದೇ. ಎರಡು ಮೂರು ದೋಸೆ ಒಟ್ಟಿಗೆ ಬರುತ್ತವೆಂದು ಆ ಹೆಸರು.

ಅನುವಾದ ಮುಗಿದ ಮೇಲೆ ‘ಅಲರ್’ ನೆರವಿಗೆ ಬರುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಈ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, ಉಚಿತವಾಗಿ ಸಿಗುತ್ತದೆ. ಅದು ಕನ್ನಡದಿಂದ ಹೊರಡುವುದರಿಂದ ತಾಳೆ ನೋಡಲು ಹೇಳಿಮಾಡಿಸಿದಂತಿದೆ: ನೀವು ಆರಿಸಿದ ಕನ್ನಡ ಕ್ರಿಯಾಪದವನ್ನು ಹಾಕಿ, ಮೂಲದ ಅರ್ಥ ಹಿಂದಿರುಗಿ ಬರುತ್ತದೆಯೇ ನೋಡಿ. ‘ಸೆಟ್’ಗೆ ಕನ್ನಡವೇನೆಂದು ಹುಡುಕುವವರಿಗೆ ಇದು ಮೊದಲ ಮೆಟ್ಟಿಲಲ್ಲ.

ದೊಡ್ಡ ಆಕ್ಸ್‌ಫರ್ಡಿನ ಜಾಲ ಆವೃತ್ತಿಗೆ ಚಂದಾ ಬೇಕು. ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದು ಸಿಗುತ್ತದೆಯೇ ವಿಚಾರಿಸಿ. ಹಳೆಯ ಗದ್ಯ, ಕಾನೂನು ಪತ್ರ ಅನುವಾದಿಸುವವರಿಗಷ್ಟೇ ಅದು ಅನಿವಾರ್ಯ. ಮಿಕ್ಕವರು ಆ ದುಡ್ಡನ್ನು ಲರ್ನರ್ಸ್ ಡಿಕ್ಷನರಿಯ ಮುದ್ರಿತ ಪ್ರತಿಗೆ ಹಾಕಬಹುದು. ಅದರ ಜಾಲ ಆವೃತ್ತಿ ಉಚಿತವಾಗಿದ್ದರೂ ‘ರನ್’ನಂಥ ನಮೂದನ್ನು ಮೊಬೈಲಿನಲ್ಲಿ ಉರುಳಿಸುತ್ತ ಹೋದರೆ ಕಿರುಶೀರ್ಷಿಕೆಗಳು ಒಂದೇ ನೋಟಕ್ಕೆ ದಕ್ಕುವುದಿಲ್ಲ, ಪುಸ್ತಕದಲ್ಲಿ ದಕ್ಕುತ್ತವೆ.