ತೋಟ ತೆರೆದಿರುತ್ತೆ, ಬಂಗಲೆಗೆ ಬೀಗ: ಇಂಗ್ಲೆಂಡಿನ ಹಳೇ ಮನೆಗಳನ್ನು ನೋಡಲು ಹೊರಟವರಿಗೆ ಎಚ್ಚರಿಕೆ

ಪ್ರತಿ ಬೇಸಿಗೆಯಲ್ಲೂ ನಮ್ಮವರಿಗೆ ಇದೇ ಪೆಟ್ಟು. ವೆಬ್‌ಸೈಟಿನಲ್ಲಿ ‘ಇವತ್ತು ತೆರೆದಿದೆ’ ಅಂತ ಇರುತ್ತದೆ. ಮನೆಮಂದಿಯೆಲ್ಲ ಲಂಡನ್ನಿನಿಂದ ರೈಲು, ಆಮೇಲೆ ಟ್ಯಾಕ್ಸಿ ಹಿಡಿದು ಹೋಗಿ ಗೇಟಿನಲ್ಲಿ ದುಡ್ಡೂ ಕಟ್ಟುತ್ತಾರೆ. ಒಳಗೆ ಹೋದ ಮೇಲೆ ಗೊತ್ತಾಗುವುದು, ತೆರೆದಿರುವುದು ತೋಟ, ಕೆಫೆ, ಅಂಗಡಿ ಮಾತ್ರ ಅಂತ. ಟಿಕೆಟಿನ ಮೇಲೆ ‘ತೋಟ ಮಾತ್ರ’ ಅಂತ ಅಚ್ಚಾಗಿದ್ದರೆ ದುಡ್ಡು ವಾಪಸ್ ಕೇಳಿ ಪ್ರಯೋಜನವಿಲ್ಲ.

ಹಾಗಾಗಿ ಪುಟದ ಮೇಲ್ಗಡೆಯ ಸಾಲು ನಂಬಬೇಡಿ. ಕೆಳಗೆ ಮನೆ, ತೋಟ, ಪಾರ್ಕು, ಕೆಫೆ ಎಲ್ಲಕ್ಕೂ ಬೇರೆ ಬೇರೆ ಸಮಯ ಕೊಟ್ಟಿರುತ್ತಾರೆ. ನೀವು ಹೋಗುವ ತಾರೀಖು ಹಾಕಿ ಮನೆಯ ಸಾಲನ್ನೇ ಓದಿ. ತೋಟ 10 ಗಂಟೆಗೆ ತೆರೆದರೂ ಮನೆ 11ಕ್ಕೋ ಇನ್ನೂ ತಡವಾಗಿಯೋ ತೆರೆಯುವುದು ಮಾಮೂಲು. ಕೊನೆಯ ಪ್ರವೇಶ ಮುಚ್ಚುವ ಸಮಯಕ್ಕಿಂತ ಅರ್ಧದಿಂದ ಒಂದು ಗಂಟೆ ಮೊದಲೇ ಮುಗಿದಿರುತ್ತದೆ. ಕೋಣೆಗಳಲ್ಲಿ ಕಾವಲಿಗೆ ಕೂರುವವರು ಬಹುಪಾಲು ಸ್ವಯಂಸೇವಕರು, ಹೆಚ್ಚಿನವರು ನಿವೃತ್ತರು. ಅವರಲ್ಲಿ ಇಬ್ಬರು ಮೂವರು ಬರದಿದ್ದರೆ ಮಹಡಿ ಮುಚ್ಚಿಬಿಡುತ್ತಾರೆ. ಖಾಸಗಿ ಬಂಗಲೆಗಳಲ್ಲಿ ಶನಿವಾರ ಮದುವೆ ಇದ್ದರೆ ಮುಗಿದೇಹೋಯಿತು. ಹೊರಡುವ ದಿನ ಬೆಳಿಗ್ಗೆ ಒಂದು ಫೋನ್ ಮಾಡಿ.

ಎರಡನೆಯದು, ಮನೆ ಯಾರದ್ದು ಅನ್ನುವುದು. ಹಳೇ ಮನೆ, ತೋಟಗಳನ್ನು ಕಾಪಾಡಲು 1895ರಲ್ಲಿ ಶುರುವಾದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ಸದಸ್ಯತ್ವದ ಕಾರ್ಡಿದ್ದರೆ ಎಲ್ಲ ಕಡೆ ಬಿಡುತ್ತಾರೆ ಅಂತ ಅನೇಕರು ತಿಳಿದಿದ್ದಾರೆ. ಡರ್ಬಿಶೈರಿನಲ್ಲೇ ನೋಡಿ. ಹಾರ್ಡ್‌ವಿಕ್ ಹಾಲ್ ಮತ್ತು ಚಾಟ್ಸ್‌ವರ್ತ್ ಎರಡರ ಇತಿಹಾಸವೂ ಬೆಸ್ ಆಫ್ ಹಾರ್ಡ್‌ವಿಕ್ ಎಂಬ ಒಬ್ಬಳೇ ಹೆಂಗಸಿನಿಂದ ಶುರು. ಆದರೆ ಹಾರ್ಡ್‌ವಿಕ್ 1959ರಿಂದ ನ್ಯಾಷನಲ್ ಟ್ರಸ್ಟ್‌ನದು, ಚಾಟ್ಸ್‌ವರ್ತ್ ನಡೆಸುವುದು ಅದರದ್ದೇ ಬೇರೆ ಟ್ರಸ್ಟ್. ಕಾರ್ಡು ಮೊದಲನೆಯದಕ್ಕೆ ನಡೆಯುತ್ತದೆ, ಎರಡನೆಯದಕ್ಕೆ ಪೂರ್ತಿ ಟಿಕೆಟ್. ಬ್ಲೆನಿಮ್, ಕಾಸಲ್ ಹೋವರ್ಡ್, ಹ್ಯಾಂಪ್ಟನ್ ಕೋರ್ಟ್ ಕೂಡ ಈ ಕಾರ್ಡಿಗೆ ಸೇರಿಲ್ಲ. ಆಸ್ಬೋರ್ನ್ ಹೌಸ್, ಆಡ್ಲಿ ಎಂಡ್ ಇಂಗ್ಲಿಷ್ ಹೆರಿಟೇಜ್ ಎಂಬ ಇನ್ನೊಂದು ಸಂಸ್ಥೆಯವು, ಅದಕ್ಕೆ ಬೇರೆ ಸದಸ್ಯತ್ವ.

ಟಿಕೆಟ್ ಕೊಳ್ಳುವಾಗ ಎರಡು ದರ ಕಂಡರೆ, ‘ಗಿಫ್ಟ್ ಏಡ್’ ಅಂತ ಇರುವುದನ್ನು ಒತ್ತಬೇಡಿ. ಅದರಲ್ಲಿ ಸುಮಾರು ಶೇಕಡಾ 10 ದೇಣಿಗೆ ಸೇರಿರುತ್ತದೆ, ಜೊತೆಗೆ ‘ನಾನು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುತ್ತೇನೆ’ ಎಂಬ ಘೋಷಣೆಯೂ ಇರುತ್ತದೆ. ಪ್ರವಾಸಕ್ಕೆ ಬಂದವರು ಅದಕ್ಕೆ ಒಪ್ಪುವ ಹಾಗಿಲ್ಲ.

ಇನ್ನು ಕಾಲ. ನಮ್ಮ ಮಕ್ಕಳಿಗೆ ರಜೆ ಏಪ್ರಿಲ್–ಮೇ, ಅಲ್ಲಿಯ ಗುಲಾಬಿಗೆ ಜೂನ್. ಕೆಂಟ್‌ನ ಸಿಸಿಂಗ್‌ಹರ್ಸ್ಟ್‌ಗೆ ಏಪ್ರಿಲ್‌ನಲ್ಲಿ ಹೋದವರು ಬರೀ ಮುಳ್ಳು, ಎಳೆ ಚಿಗುರು ನೋಡಿ ಬಂದಿದ್ದಾರೆ. ಅಲ್ಲಿರುವ ಹಳೇ ತಳಿಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಅರಳುತ್ತವೆ, ಆಗಸ್ಟಿಗೂ ಉಳಿಯುವುದಿಲ್ಲ. ಜೂನ್ ನಡುವಿನಿಂದ ಜುಲೈ ಮೊದಲ ವಾರದವರೆಗೆ ಸರಿಯಾದ ಕಾಲ. ಮೇ ತಿಂಗಳೇ ಆಗಬೇಕೆಂದರೆ ವಿಲ್ಟ್‌ಶೈರಿನ ಸ್ಟೌರ್‌ಹೆಡ್‌ಗೆ ಹೋಗಿ, ಕೆರೆಯ ಸುತ್ತ ರೋಡೋಡೆಂಡ್ರಾನ್ ಆಗಲೇ ಹೂ ಬಿಡುವುದು. ಮೇ ಕೊನೆಯ ಸೋಮವಾರ ಮತ್ತು ಆ ವಾರ ಅಲ್ಲಿಯ ಶಾಲೆಗಳಿಗೂ ರಜೆ, ಜಾತ್ರೆಯ ಜನ.

ಟಿಪ್ಪುವಿನ ಡೇರೆ ನೋಡಲೆಂದೇ ಗಡಿ ದಾಟಿ ವೇಲ್ಸ್‌ನ ಪೊವಿಸ್ ಕೋಟೆಗೆ ಹೋಗುವ ಕನ್ನಡಿಗರಿದ್ದಾರೆ (ಅಲ್ಲಿ ನ್ಯಾಷನಲ್ ಟ್ರಸ್ಟ್ ಕಾರ್ಡು ನಡೆಯುತ್ತದೆ). ಹೂವಿನ ಚಿತ್ತಾರದ ಹತ್ತಿ ಬಟ್ಟೆ ಅದು, ಬೆಳಕು ಬಿದ್ದಷ್ಟೂ ಬಣ್ಣ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಇಂಥ ಬಟ್ಟೆಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಮೀರದಷ್ಟೇ ಬೆಳಕು ಬಿಡುತ್ತಾರೆ, ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಕಡಿಮೆ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಸುಮ್ಮನೆ ನಿಲ್ಲಿ. ಮೊಬೈಲಿನ ಟಾರ್ಚ್ ಹಾಕಿದರೆ ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಬೇಕಾದ್ದೇ. ಹೊರಡುವ ಮೊದಲೇ, ಡೇರೆ ಈಗ ಪ್ರದರ್ಶನದಲ್ಲಿದೆಯೇ, ಎಷ್ಟು ಭಾಗ ಇಟ್ಟಿದ್ದಾರೆ ಅಂತ ಕೇಳಿಕೊಳ್ಳಿ.

ಬ್ಯಾಕ್‌ಪ್ಯಾಕ್ ಹಾಕಿಕೊಂಡು ಒಳಗೆ ಬಿಡುವುದಿಲ್ಲ. ಎದೆಗೆ ತಿರುಗಿಸಿ ಹಾಕಬೇಕು, ಇಲ್ಲವೇ ಬಾಗಿಲಲ್ಲಿ ಇಟ್ಟು ಹೋಗಬೇಕು. ಪಾಸ್‌ಪೋರ್ಟು ಮೈಮೇಲಿರಲಿ. ಚೂಪು ಹೀಲ್ಸ್ ಹಳೇ ಓಕ್ ಹಲಗೆಯಲ್ಲಿ ಗುಳಿ ಬೀಳಿಸುತ್ತದೆ, ಅದೂ ಬೇಡ. ಮಗುವಿನ ತಳ್ಳುಗಾಡಿಗೆ ಹಲವು ಮನೆಗಳಲ್ಲಿ ಪ್ರವೇಶವಿಲ್ಲ. ಪುಳಿಯೋಗರೆ ಡಬ್ಬಿ ಒಯ್ಯಿರಿ, ಆದರೆ ಪಾರ್ಕಿನಲ್ಲಿ ಬಿಚ್ಚಿ, ಹೂತೋಟದಲ್ಲಲ್ಲ. ಕೆಫೆಯನ್ನೇ ನಂಬಿ ಮೂರು ಗಂಟೆಗೆ ಹೋದರೆ ಬಿಸಿ ಊಟ ಮುಗಿದು ಬರೀ ಕೇಕು, ಸ್ಕೋನು ಉಳಿದಿರುತ್ತದೆ.

ಎಲ್ಲಕ್ಕಿಂತ ಕಷ್ಟ ವಾಪಸಾಗುವುದು. ಸಿಸಿಂಗ್‌ಹರ್ಸ್ಟ್‌ಗೆ ಹತ್ತಿರದ ಸ್ಟೇಷನ್ ಸ್ಟೇಪಲ್‌ಹರ್ಸ್ಟ್ ಸುಮಾರು 9 ಕಿ.ಮೀ. ದೂರ. ಹಳ್ಳಿಗಳಲ್ಲಿ ಆಟೋ ಹಿಡಿದ ಹಾಗೆ ಟ್ಯಾಕ್ಸಿ ಹಿಡಿಯಲಾಗದು, ಆ್ಯಪ್ ತೆರೆದರೆ ಗಾಡಿ ಇಲ್ಲ, ಎಷ್ಟೋ ಕಡೆ ಸಿಗ್ನಲ್ಲೂ ಇಲ್ಲ, ಭಾನುವಾರ ಬಸ್ಸು ಅಪರೂಪ. ಸ್ಟೇಷನ್ನಿನಿಂದ ಕರೆತಂದ ಟ್ಯಾಕ್ಸಿಯವನಿಗೇ ವಾಪಸಿನ ಸಮಯ ಹೇಳಿ, ನಂಬರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಾರಿನಲ್ಲಿ ಹೋಗುವವರು ಪೋಸ್ಟ್‌ಕೋಡ್ ಒಂದನ್ನೇ ನೆಚ್ಚಬೇಡಿ: ಹಳ್ಳಿ ಕಡೆ ಒಂದು ಪೋಸ್ಟ್‌ಕೋಡ್ ದೊಡ್ಡ ಪ್ರದೇಶಕ್ಕೆ ಹರಡಿರುತ್ತದೆ, ಮ್ಯಾಪು ಹಿಂದಿನ ಜಮೀನಿನ ಗೇಟಿಗೆ ಒಯ್ದು ನಿಲ್ಲಿಸುತ್ತದೆ. ಕೊನೆಯ ಎರಡು ಮೂರು ಮೈಲಿ ಪ್ರವಾಸಿ ತಾಣಕ್ಕೆ ದಾರಿ ತೋರಿಸುವ ಕಂದು ಬಣ್ಣದ ಫಲಕ ನೋಡಿಕೊಂಡೇ ಓಡಿಸಿ.