ಪರಿಹಾರ ಕೆಲಸ ಮುಗಿಸಿ ಮರಳಿದವರಿಗೆ 14416 ಎಷ್ಟು ಆಸರೆ?

2024ರ ಜುಲೈನಲ್ಲಿ ಗುಡ್ಡ ಕುಸಿದದ್ದು ಮೊದಲು ಶಿರೂರಿನಲ್ಲಿ, ತಿಂಗಳ ಕೊನೆಗೆ ವಯನಾಡಿನಲ್ಲಿ. ಅಂಥ ಕಡೆ ಕೆಸರಿನಿಂದ ಹೆಣ ತೆಗೆದವರು, ಗುರುತು ಹಿಡಿಯಲು ಬಂದ ಮನೆಯವರ ಪಕ್ಕ ನಿಂತವರು ಬೆಂಗಳೂರಿಗೆ ಮರಳಿದ ಮರುದಿನವೇ ಆಫೀಸಿಗೆ ಹೋಗಬೇಕಾಗುತ್ತದೆ. ರಸ್ತೆ ಅಗೆಯುವ ಜೆಸಿಬಿ ಸದ್ದಿಗೇ ಎದೆ ಹೊಡೆದುಕೊಳ್ಳುತ್ತದೆ. ಇವರಿಗೆ 14416 ಸಂಖ್ಯೆಯ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಎಷ್ಟು ಒದಗುತ್ತದೆ?

ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 24 ಗಂಟೆಯೂ ಉಚಿತ. 14416ಕ್ಕೆ ಕರೆ ಮಾಡಿ ಕನ್ನಡ ಆರಿಸಿಕೊಂಡರೆ ತರಬೇತಾದ ಆಪ್ತಸಮಾಲೋಚಕರು ಸಿಗುತ್ತಾರೆ. ಅಗತ್ಯ ಕಂಡರೆ ಅವರು ತಜ್ಞರಿಗೆ ದಾಟಿಸುತ್ತಾರೆ. ನಡುರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕೂತವರಿಗೆ, ದುಡ್ಡಿನ ಲೆಕ್ಕವಿಲ್ಲದೆ, ಕನ್ನಡದಲ್ಲೇ ಮಾತಿಗೆ ಸಿಗುವ ಇಂಥ ಬಾಗಿಲು ದೊಡ್ಡ ವರ.

ಕರೆ ಹಳಿ ತಪ್ಪುವುದು ಹೆಚ್ಚಾಗಿ ಮೊದಲ ವಾಕ್ಯದಲ್ಲೇ. "ನಿದ್ದೆ ಬರ್ತಿಲ್ಲ" ಎಂದಷ್ಟೇ ಹೇಳಿದರೆ ಕಾಫಿ ಬಿಡಿ, ಮೊಬೈಲ್ ಪಕ್ಕಕ್ಕಿಡಿ ಎಂಬಲ್ಲಿಗೆ ಮಾತು ಮುಗಿದೀತು. ಕಾರ್ಯಕರ್ತರಿಗೆ ತಮ್ಮ ನೋವನ್ನು ಸಂತ್ರಸ್ತರ ನೋವಿನ ಪಕ್ಕದಲ್ಲಿಟ್ಟು ಚಿಕ್ಕದು ಮಾಡುವ ಅಭ್ಯಾಸವಿದೆ, ಅದಕ್ಕೇ ಹೀಗಾಗುತ್ತದೆ. ಆದ್ದರಿಂದ ಕರೆಗೆ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಕೆಲಸ, ಎಷ್ಟು ದಿನ, ಹೆಣ ಮುಟ್ಟಿದ್ದುಂಟೇ, ಮರಳಿ ಎಷ್ಟು ವಾರ, ಕಣ್ಣ ಮುಂದೆ ಬರುವುದೇನು, ಯಾವ ವಾಸನೆ ಅಥವಾ ಸದ್ದಿಗೆ ಬೆಚ್ಚುತ್ತೀರಿ, ಕುಡಿತ ಹೆಚ್ಚಿದೆಯೇ. ಪ್ರತಿ ಸಲ ಅದೇ ದನಿ ಸಿಗುತ್ತದೆಂದು ನೆಚ್ಚಬೇಡಿ. ಮುಂದಿನ ಕರೆಗೂ ಈ ಚೀಟಿಯೇ ಬೇಕಾದೀತು.

ಮೊದಲ ಕೆಲವು ವಾರ ಬೆಚ್ಚುವುದು, ಕನಸು, ಸಿಡಿಮಿಡಿ ಇದ್ದೇ ಇರುತ್ತವೆ. ಬಹಳ ಜನರಲ್ಲಿ ತಾವಾಗಿಯೇ ಇಳಿಯುತ್ತವೆ. ತಿಂಗಳು ದಾಟಿಯೂ ಬಿಡದಿದ್ದರೆ, ಮನೆ, ಕೆಲಸ ಕೆಡುತ್ತಿದ್ದರೆ, ಫೋನೊಂದೇ ಸಾಲದು. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆಗೆ ಒಬ್ಬರೇ ಚಿಕಿತ್ಸಕರ ಬಳಿ ಹಲವು ವಾರ ಕೂರಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಹೋಗಿ. ಸಾಯುವ ಯೋಚನೆ ಬಂದರೆ ಮಾತ್ರ ಒಂದು ದಿನವೂ ಕಾಯಬಾರದು. ಇನ್ನೊಂದು ಮಾತು: ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ನುಂಗಬೇಡಿ. ಆಘಾತದ ಮೊದಲ ತಿಂಗಳಲ್ಲಿ ನಿದ್ದೆಗೆಂದು ಬೆಂಜೋಡಯಜೆಪೀನ್ ಗುಂಪಿನ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಸಹಾಯವಾಣಿಗೆ ಒಳ್ಳೆಯ ಅಂಕ ಕೊಡಬಹುದು, ಆದರೆ ಕಳಿಸಿಕೊಟ್ಟ ಸಂಸ್ಥೆಯ ಹೊಣೆಯನ್ನು ಅದು ಹೊರಲಾರದು. ಹೆಣ ಸಾಗಿಸುವ ಪಾಳಿಯಲ್ಲಿ ಅದೇ ಇಬ್ಬರನ್ನು ದಿನವಿಡೀ ನಿಲ್ಲಿಸಿ, ಕೊನೆಗೆ ಎಲ್ಲರನ್ನೂ ಕೂರಿಸಿ "ಕಂಡದ್ದನ್ನೆಲ್ಲ ಹೇಳಿಬಿಡಿ" ಎಂದು ಒಂದೇ ಬೈಠಕ್ ಮಾಡಿದರೆ ಉಪಯೋಗವಿಲ್ಲ. ಬಲವಂತದಿಂದ ಕೆದಕಿದ್ದು ಕೆಲವರಲ್ಲಿ ಇನ್ನಷ್ಟು ಆಳಕ್ಕಿಳಿಯುತ್ತದೆ. ಪಾಳಿ ಬದಲಿಸಿ, ಜೋಡಿಯಾಗಿ ಕಳಿಸಿ, ಊಟ ನಿದ್ದೆಗೆ ಸಮಯ ಕೊಡಿ. ಮರಳಿದ ಎರಡನೆಯ ವಾರ ಒಮ್ಮೆ, ಐದನೆಯ ವಾರ ಮತ್ತೊಮ್ಮೆ ತಂಡದ ಮುಖ್ಯಸ್ಥರೇ ಒಬ್ಬೊಬ್ಬರಿಗೂ ಫೋನ್ ಮಾಡಬೇಕು. 14416 ಸಂಖ್ಯೆಯನ್ನು ಹೊರಡುವ ಮುಂಚೆಯೇ ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿ ಕೊಡಿ.